ಹಳೇ ಕಾರಿನ ಡೋರ್ ಪ್ಯಾಡ್ ಕಿತ್ಕೊಂಡು ಬಂದಿದ್ಯಾ? ದಾವಣಗೆರೇಲಿ ನಾನು ಮಾಡಿಸಿದ್ದು ಹೀಗೆ

ನಮ್ದು 2007ರ ಸೆಡಾನ್, ಕೆಎ 17 ನಂಬರು. ಆ ಮಾಡೆಲ್ ನಿಲ್ಸಿ ಎಷ್ಟೋ ವರ್ಷ ಆಯ್ತು. ಇಂಜಿನ್ ಇವತ್ತಿಗೂ ಗಟ್ಟಿ, ಎಸಿ ತಣ್ಣಗೆ ಬರುತ್ತೆ, ಆದ್ರೆ ನಾಲ್ಕೂ ಡೋರ್ ಪ್ಯಾಡ್, ಅಂದ್ರೆ ಡೋರಿನ ಒಳಮೈಗೆ ಹಾಕಿರೋ ಬಟ್ಟೆ ಹೊದಿಸಿದ ಹಾರ್ಡ್‌ಬೋರ್ಡು, ಕಿತ್ತು ಹಾಳಾಗಿದ್ವು. ಮೊನ್ನೆ ಕೆಲಸ ಪೂರ್ತಿ ಮುಗೀತು. ಇದಕ್ಕೆ ಓಡಾಡೋವಾಗ ಸರಿಯಾಗಿ ಹೇಳೋರೇ ಇರ್ಲಿಲ್ಲ, ಒಬ್ಬೊಬ್ರು ಒಂದೊಂದು ದಿಕ್ಕು ತೋರ್ಸಿದ್ರು, ಅದಕ್ಕೆ ನೆನಪು ಹಸಿ ಇರುವಾಗ್ಲೇ ಬರೆದು ಹಾಕ್ತಿದೀನಿ. ಉದ್ದ ಇದೆ, ಬೇಕಾದೋರು ಓದ್ಕೊಳ್ಳಿ.

ಶುರುವಾಗಿದ್ದು ಹಿಂದಿನ ಎಡಗಡೆ ಡೋರಿಂದ. ಮಧ್ಯದ ಬಟ್ಟೆ ಪೀಸು ಮೇಲಿನ ಅಂಚಲ್ಲಿ ಬಿಟ್ಕೊಂಡು ಪೂರಿ ಥರ ಉಬ್ಬಿತ್ತು, ಕೈಯಲ್ಲಿ ಒತ್ತಿದ್ರೆ ಕೂರುತ್ತೆ, ಬಿಸಿಲಲ್ಲಿ ನಿಲ್ಸಿದ್ರೆ ಮತ್ತೆ ಎದ್ದೇಳುತ್ತೆ. ನಮಗೆ ಶೆಡ್ ಇಲ್ಲ, ವಿದ್ಯಾನಗರದಲ್ಲಿ ಮನೆ ಮುಂದೆ ರೋಡಲ್ಲೇ ಗಾಡಿ ನಿಲ್ಲೋದು, ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, ಹೊರಗೆ 38-39 ಇದ್ರೆ ಗ್ಲಾಸ್ ಮುಚ್ಚಿದ ಕಾರೊಳಗೆ 60 ಡಿಗ್ರಿ ದಾಟುತ್ತೆ. ಬಟ್ಟೆ ಹಿಂದೆ ಒಂದು ತೆಳು ಫೋಮ್ ಪದರ ಇರುತ್ತೆ, ಬಿಸಿ, ತೇವ ಎರಡೂ ಸೇರಿ ವರ್ಷಗಟ್ಟಲೆ ಹೊಡೆದ್ರೆ ಅದು ಅಲ್ಲಲ್ಲೇ ಪುಡಿಯಾಗುತ್ತೆ, ಆಮೇಲೆ ಬಟ್ಟೆಗೆ ಹಿಡ್ಕೊಳ್ಳೋಕೆ ಏನೂ ಇರಲ್ಲ. ಆ ಪುಡಿ ಒಣ ಪುಡಿ ಅಲ್ಲ ರೀ, ಕಂದು ಬಣ್ಣ, ಸ್ವಲ್ಪ ಅಂಟಂಟು, ಬಟ್ಟೆಗೆ ಹತ್ತಿದ್ರೆ ಕೊಡವಿದ್ರೆ ಹೋಗಲ್ಲ, ಉಜ್ಜಿದ್ರೆ ಇನ್ನೂ ಒಳಗೆ ಇಳಿಯುತ್ತೆ. ಹರಿಹರದಲ್ಲಿ ಒಂದು ಮದುವೆಗೆ ಹೋಗಿ ಇಳಿಯೋಷ್ಟ್ರಲ್ಲಿ ನಮ್ಮನೆಯವಳ ರೇಷ್ಮೆ ಸೀರೆ ಸೆರಗಿನ ತುಂಬಾ ಅದೇ. "ರೀ, ಇನ್ಮೇಲೆ ನಿಮ್ಮ ಕಾರಲ್ಲಿ ಬರೋದಾದ್ರೆ ನೈಟೀಲೇ ಬರ್ತೀನಿ, ಛತ್ರದಲ್ಲಿ ಸೀರೆ ಉಟ್ಕೋತೀನಿ" ಅಂದ್ಲು. ನಗೋ ಹಂಗಿರ್ಲಿಲ್ಲ.

ಅಷ್ಟೊತ್ತಿಗೆ ಇನ್ನೂ ಒಂದು ಲಕ್ಷಣ ಇತ್ತು, ಅದನ್ನ ಯಾರೂ ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ಪ್ಯಾಡಿನ ಕೆಳಭಾಗ, ಬಾಟ್ಲಿ ಇಡೋ ಜಾಗದ ಹತ್ರ, ದಪ್ಪ ಆಗಿ ಹೊರಗೆ ಬಾಗಿತ್ತು, ಮಳೆಗಾಲದಲ್ಲಿ ಕಾರ್ ತೆಗೆದ್ರೆ ಮುಗ್ಗಲು ವಾಸನೆ. ಈ ಕೆಳಭಾಗದ್ದು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಮೊದ್ಲು ಇನ್ಶೂರೆನ್ಸ್‌ನೋರಿಗೆ ಕೇಳ್ದೆ, ಸುಮ್ನೆ ಕೇಳೋದ್ರಲ್ಲಿ ಏನು ಹೋಗುತ್ತೆ ಅಂತ. ಸವೆತಕ್ಕೆ, ಅಂದ್ರೆ ವೇರ್ ಅಂಡ್ ಟೇರ್‌ಗೆ, ಕಾರ್ ಪಾಲಿಸೀಲಿ ಒಂದು ಪೈಸೆನೂ ಇಲ್ಲ. ಆಕ್ಸಿಡೆಂಟಲ್ಲಿ ಪ್ಯಾಡ್ ಒಡೆದ್ರೆ ಕ್ಲೈಮ್ ಇದೆ, ಅದ್ರಲ್ಲೂ ಪ್ಲಾಸ್ಟಿಕ್, ರಬ್ಬರ್ ಪಾರ್ಟ್ಸ್‌ಗೆ 50 ಪರ್ಸೆಂಟ್ ಡಿಪ್ರಿಸಿಯೇಶನ್ ಕಟ್ ಮಾಡ್ತಾರೆ. ಹಂಗಾಗಿ ಆ ಬಾಗಿಲು ಬಂದ್. ಇನ್ನು ಕೆಲವ್ರು ಕೇಳ್ತಾರೆ, ಆರ್‌ಸಿ ರಿನ್ಯೂವಲ್‌ಗೆ ಇದು ತೊಂದ್ರೆನಾ ಅಂತ. 15 ವರ್ಷ ತುಂಬಿದ ಮೇಲೆ ನಾನು ರಿನ್ಯೂವಲ್ ಮಾಡ್ಸಿದಾಗ ಬಟ್ಟೆ ಆಗ್ಲೇ ಜೋತಾಡ್ತಿತ್ತು, ಇನ್‌ಸ್ಪೆಕ್ಟರ್ ಅದರ ಕಡೆ ತಿರುಗೂ ನೋಡ್ಲಿಲ್ಲ, ಲೈಟು, ಬ್ರೇಕು, ಚಾಸಿ ನಂಬರ್ ಉಜ್ಜೋದು, ಅಷ್ಟೇ. ಫೀ ಮಾತ್ರ 5000 ಹೊಡೀತು, 2022ರ ಏಪ್ರಿಲ್‌ನಿಂದ ಹಂಗಾಗಿತ್ತು.

ಆಮೇಲೆ ಕಂಪನಿ ಸರ್ವಿಸ್ ಸೆಂಟರು. ಪಾರ್ಟ್ಸ್ ಕೌಂಟರಲ್ಲಿ ಆರ್‌ಸಿ ಜೆರಾಕ್ಸ್ ಕೇಳಿದ್ರು, ಯಾಕಂದ್ರೆ ಚಾಸಿ ನಂಬರ್ ಹಾಕಿದ್ರೇನೆ ಅವರ ಸಿಸ್ಟಮ್ಮಲ್ಲಿ ಪಾರ್ಟ್ ನಂಬರ್ ಬರೋದು, ಒಂದೇ ಮಾಡೆಲಲ್ಲಿ ಬೇಸಿಕ್ ಗಾಡಿಗೊಂದು ಪ್ಯಾಡು, ಟಾಪ್ ಗಾಡಿಗೊಂದು ಪ್ಯಾಡು ಇರುತ್ತಂತೆ. ಹುಡುಗ ಪಾಪ ಒಳ್ಳೆಯವ್ನೇ, ನಾಲ್ಕೂ ನಂಬರ್ ಚೀಟೀಲಿ ಬರ್ಕೊಟ್ಟ. ಮೂರಕ್ಕೆ ಸ್ಟಾಕೇ ನಿಂತೋಗಿದೆ, ಒಂದು ಎಲ್ಲೋ ಗೋಡೌನಲ್ಲಿ ಇರಬಹುದು, ಕೇಳಿ ಹೇಳ್ತೀವಿ ಅಂದ್ರು. ಕಾದೆ. ಫೋನ್ ಮಾಡಿದ್ರೆ "ಮೇಲ್ ಹಾಕಿದೀವಿ ಸಾರ್", ಇನ್ನೊಂದ್ ಸಲ ಮಾಡಿದ್ರೆ ಆ ಹುಡುಗನೇ ಕೆಲಸ ಬಿಟ್ಟು ಹೋಗಿದ್ದ. ಕೊನೆಗೆ ಬೇರೆಯವ್ರು ಫೋನ್ ತಗೊಂಡು "ಆ ಗಾಡಿಗೆ ಈಗ ಏನೂ ಬರಲ್ಲ ಸಾರ್, ಎಕ್ಸ್‌ಚೇಂಜ್ ಹಾಕ್ಬಿಡಿ, ಒಳ್ಳೆ ಆಫರ್ ಇದೆ" ಅಂದ್ರು. ಆ ಚೀಟಿ ಮಾತ್ರ ಇಟ್ಕೊಳ್ಳಿ, ಪಾರ್ಟ್ ನಂಬರ್ ಮುಂದೆ ಕ್ಲಿಪ್ ಹುಡ್ಕೋಕೆ ಉಪಯೋಗಕ್ಕೆ ಬರುತ್ತೆ.

ಮೂರನೇ ದಾರಿ ಸೆಕೆಂಡ್ ಹ್ಯಾಂಡು. ಬೆಂಗಳೂರಲ್ಲಿ ಗುಜರಿ ಅಂಗಡಿ ಕಡೆ ತಿರುಗೋ ಒಬ್ಬ ಸಂಬಂಧಿಗೆ ಹೇಳಿದ್ದೆ, ಅವನು ಒಂದು ಸೆಟ್ ಹುಡುಕಿ ವಾಟ್ಸಾಪಲ್ಲಿ ಫೋಟೋ ಕಳ್ಸಿದ. 6000 ಹೇಳ್ತಿದ್ರು. ಫೋಟೋ ದೊಡ್ಡದು ಮಾಡಿ ನೋಡಿದ್ರೆ ಅದೇ ಕಥೆ, ಮೂಲೇಲಿ ಬಟ್ಟೆ ಎದ್ದಿದೆ, ಕೆಳಗೆ ಬಾಗಿದೆ. ಆಗೋದೂ ಹಂಗೇ ತಾನೆ, ಅದೇ ವರ್ಷದ ಫೋಮು, ಅದೇ ಗಮ್ಮು, ಅದೇ ಬಿಸಿಲು. ಹಳೇ ಪ್ಯಾಡ್ ತಂದು ಹಾಕಿದ್ರೆ ನಮ್ಮ ರೋಗಕ್ಕೆ ಇನ್ನೊಬ್ಬ ರೋಗೀನ ತಂದು ಕೂರ್ಸಿದಂಗೆ. ಬೇಡ ಅಂದೆ.

ಇಷ್ಟಾದ್ಮೇಲೆ ಊರಲ್ಲೇ ಕುಶನ್ ಕೆಲಸದೋರನ್ನ ಹುಡುಕೋಕೆ ಶುರು ಮಾಡ್ದೆ. ದೊಡ್ಡ ಆಕ್ಸೆಸರಿ ಅಂಗಡಿಗಳಲ್ಲಿ ಸೀಟ್ ಕವರ್ ಹೊಲಿಸ್ಕೊಡ್ತಾರೆ, ಡೋರ್ ಪ್ಯಾಡ್ ಅಂದ್ರೆ ಮುಖ ಸಿಂಡರಿಸ್ತಾರೆ. ಒಂದು ಕಡೆ 2500ಕ್ಕೆ ಸಂಜೆ ಒಳಗೆ ಮಾಡ್ಕೊಡ್ತೀನಿ ಅಂದ್ರು, ಹೆಂಗೆ ಅಂತ ಕೇಳಿದ್ರೆ ಹಳೇ ಬಟ್ಟೆ ಮೇಲೇನೇ ರೆಕ್ಸಿನ್ ಅಂಟಿಸಿ, ಸುತ್ತ ಕಪ್ಪು ಸ್ಕ್ರೂ ಹೊಡೀತಾರಂತೆ. ಅಲ್ಲೇ ನಿಂತಿದ್ದ ಒಂದು ಟ್ಯಾಕ್ಸಿಗೆ ಹಂಗೆ ಮಾಡಿದ್ದು ತೋರ್ಸಿದ್ರು, ಹೆಮ್ಮೆಯಿಂದ. ಕೈ ಇಟ್ಟು ಒತ್ತಿದೆ, ಒಳಗೆ ಫೋಮ್ ಪುಡಿ ಕರಕರ ಅಂತು. ಪುಡಿ ಮೇಲೆ ಏನು ಅಂಟಿಸಿದ್ರೂ ಅದು ಪುಡಿಗೆ ಅಂಟಿರುತ್ತೆ, ಬೋರ್ಡಿಗಲ್ಲ. ದಯವಿಟ್ಟು ಇದನ್ನ ಮಾಡ್ಸಬೇಡಿ, ದುಡ್ಡು ಕಮ್ಮಿ ಆಗುತ್ತೆ ಅಂತ ಆಸೆ ಆಗುತ್ತೆ, ಆದ್ರೂ ಬೇಡ.

ಕೊನೆಗೆ ಸಿಕ್ಕಿದ್ದು ಹಳೇ ಪಿ.ಬಿ. ರೋಡ್ ಕಡೆ ಒಂದು ಗಲ್ಲೀಲಿ ಆಟೋ ಹುಡ್ಡು, ಬಸ್ ಸೀಟು, ಬೈಕ್ ಸೀಟು ಹೊಲಿಯೋ ಚಾಚಾ. ಬೋರ್ಡೂ ಇಲ್ಲ ಅವರ ಅಂಗಡಿಗೆ. ನಮ್ಮ ಆಟೋ ಡ್ರೈವರ್ ಒಬ್ರು ಹೇಳಿದ್ದು. ಚಾಚಾ ಬಂದು ಡೋರ್ ತೆಗೆದ್ರು, ಉಬ್ಬಿದ ಬಟ್ಟೆ ಕಡೆ ನೋಡ್ಲೇ ಇಲ್ಲ, ಬಗ್ಗಿ ಕೆಳಗಡೆ ಬಾಗಿದ ಜಾಗಕ್ಕೆ ಹೆಬ್ಬೆಟ್ಟು ಒತ್ತಿದ್ರು, ಹೆಬ್ಬೆಟ್ಟು ಒಳಗೆ ಹೋಯ್ತು. "ಸಾರ್, ಇದು ಬಟ್ಟೇದು ಪ್ರಾಬ್ಲಂ ಅಲ್ಲ, ನೀರಿಂದು. ಬಟ್ಟೆ ನಾನು ಹಾಕ್ಕೊಡ್ತೀನಿ, ಆದ್ರೆ ನೀರ್ ನಿಲ್ಲಿಸ್ದೆ ಹಾಕಿದ್ರೆ ಮಳೆ ಮುಗಿಯೋ ಹೊತ್ತಿಗೆ ನೀವು ಮತ್ತೆ ಬಂದು ನನಗೇ ಬೈತೀರಿ" ಅಂದ್ರು. ಇಷ್ಟು ಓಡಾಡಿದ್ದಕ್ಕೆ ಮೊದಲನೇ ಸಲ ಒಬ್ರು ಯಾಕೆ ಹಾಳಾಯ್ತು ಅಂತ ಹೇಳಿದ್ರು, ಉಳಿದೋರೆಲ್ಲ ಎಷ್ಟಾಗುತ್ತೆ ಅಂತ ಅಷ್ಟೇ ಹೇಳಿದ್ದು.

ಆದ್ರೆ ಟೈಮ್ ಇಲ್ಲ ಅವ್ರಿಗೆ. ಒಂದು ಸ್ಕೂಲಿನ ಬಸ್ ಸೀಟುಗಳು ಜೂನ್ ಒಳಗೆ ಕೊಡಬೇಕಿತ್ತು, ಗಲ್ಲಿ ತುಂಬಾ ಸೀಟೇ. ಅಡ್ವಾನ್ಸ್ 1500 ತಗೊಂಡು ಕ್ಯಾಲೆಂಡರ್ ಹಾಳೆ ಹಿಂದೆ ಬರ್ಕೊಂಡ್ರು, ನಾನು ಅದರ ಫೋಟೋ ತಕ್ಕೊಂಡೆ, ನೀವೂ ತಕ್ಕೊಳ್ಳಿ, ಜಗಳಕ್ಕಲ್ಲ, ಇಬ್ರಿಗೂ ನೆನಪಿರ್ಲಿ ಅಂತ. ಆಮೇಲೆ ಕಾಯೋದೇ ಕಾಯೋದು. ಅಪ್ಪ ದಿನಾ "ಆತೇನೋ ಕಾರು? ಯಾವಾಗ ಅಂತೆ?" ಅಂತ ಕೇಳೋದು, ಕಾರ್ ತಗೊಂಡಿದ್ದೇ ಅವರ ರಿಟೈರ್ಮೆಂಟ್ ದುಡ್ಡಲ್ಲಿ, ಅದಕ್ಕೆ ಅವ್ರಿಗೆ ಜಾಸ್ತಿ ಸಂಕಟ.

ಬಸ್ ಸೀಟು ಮುಗಿದ್ಮೇಲೆ ಒಂದು ಬೆಳಗ್ಗೆ ಬರೋಕೆ ಹೇಳಿದ್ರು. ಹಿಂದಿನ ಎಡ ಡೋರೇ ಮೊದ್ಲು ಬಿಚ್ಚಿದ್ದು. ನಮ್ಮ ಗಾಡಿಗೆ ಹಿಂದೆ ಗ್ಲಾಸ್ ಇಳಿಸೋಕೆ ಕೈಯಲ್ಲಿ ತಿರುಗಿಸೋ ಹ್ಯಾಂಡಲ್ಲು, ಅದಕ್ಕೆ ಸ್ಕ್ರೂನೇ ಕಾಣಲ್ಲ, ಒಳಗಡೆ ಕುದುರೆ ಲಾಳದ ಆಕಾರದ ಒಂದು ಸಣ್ಣ ಸ್ಪ್ರಿಂಗ್ ಲಾಕ್ ಇರುತ್ತೆ. ಚಾಚಾ ಹಳೇ ಬನಿಯನ್ ಬಟ್ಟೆ ಹ್ಯಾಂಡಲ್ ಹಿಂದೆ ತೂರಿಸಿ ಆಕಡೆ ಈಕಡೆ ಉಜ್ಜಿ ಎಳೆದ್ರು, ಟಣ್ ಅಂತ ಲಾಕ್ ಹಾರಿ ಸೀಟ್ ಕೆಳಗೆ ಹೋಯ್ತು. ಮನೇಲಿ ಯಾರಾದ್ರೂ ಬಿಚ್ಚೋರಿದ್ರೆ ಇನ್ನೊಂದು ಕೈ ಅಡ್ಡ ಇಡಿ, ಆ ಲಾಕ್ ಕಳೆದ್ರೆ ಹ್ಯಾಂಡಲ್ ನಿಲ್ಲಲ್ಲ. ಹಿಡಿಕೆ ಒಳಗೆ ಎರಡು ಸ್ಕ್ರೂ, ಡೋರ್ ತೆಗೆಯೋಕೆ ಎಳೆಯೋ ಹಿಡಿಯ ಗುಳೀಲಿ ಒಂದು, ಆಮೇಲೆ ಸುತ್ತ ಪ್ಲಾಸ್ಟಿಕ್ ಕ್ಲಿಪ್ಪು. ಕ್ಲಿಪ್ಪು ಇರೋ ಜಾಗಕ್ಕೇ ಚಪ್ಪಟೆ ಪಟ್ಟಿ ತೂರಿಸಿ ಎಬ್ಬಿಸಬೇಕು, ಎಲ್ಲಂದ್ರಲ್ಲಿ ಎಳೆದ್ರೆ ಬೋರ್ಡ್ ಹರಿದು ಕ್ಲಿಪ್ ಡೋರಲ್ಲೇ ಉಳಿಯುತ್ತೆ. ಇಷ್ಟು ನಾಜೂಕಾಗಿ ಮಾಡಿದ್ರೂ ಅರ್ಧ ಕ್ಲಿಪ್ಪು ಮುರಿದ್ವು, ವಯಸ್ಸಾದ ಪ್ಲಾಸ್ಟಿಕ್, ಏನ್ ಮಾಡೋದು.

ಪ್ಯಾಡ್ ತೆಗೆದ್ರೆ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರಬೇಕು, ಕಪ್ಪು ಗಮ್ ಟೇಪಲ್ಲಿ ಡೋರ್ ತಗಡಿಗೆ ಪೂರ್ತಿ ಅಂಟಿರಬೇಕು. ಕಾರ್ ಡೋರಿನ ಗ್ಲಾಸ್ ಪಕ್ಕದಿಂದ ಮಳೆನೀರು ಒಳಗೆ ಇಳಿಯೋದು ಮಾಮೂಲೇ, ಡೋರ್ ಇರೋದೇ ಹಂಗೆ, ಆ ನೀರು ತಗಡಿನ ಒಳಗೇ ಇಳಿದು ಕೆಳಗಿನ ತೂತಿಂದ ಹೊರಗೆ ಹೋಗಬೇಕು, ಈ ಕಡೆ ಬರದಂಗೆ ತಡೆಯೋದು ಆ ಪ್ಲಾಸ್ಟಿಕ್ ಹಾಳೆ. ನಮ್ದರಲ್ಲಿ ಯಾವುದೋ ಕಾಲದಲ್ಲಿ ಗ್ಲಾಸ್ ಮೆಷಿನ್ ರಿಪೇರಿ ಮಾಡಿದ ಪುಣ್ಯಾತ್ಮ ಹಾಳೇನ ಮಧ್ಯಕ್ಕೆ ಬ್ಲೇಡಲ್ಲಿ ಕೊಯ್ದು, ಹಂಗೇ ಬಿಟ್ಟು, ಮೇಲೆ ಪ್ಯಾಡ್ ಒತ್ತಿದ್ದ. ನೀರೆಲ್ಲ ಸೀದಾ ಹಾರ್ಡ್‌ಬೋರ್ಡಿಗೆ. ಡೋರ್ ಕೆಳಗಿನ ತೂತುಗಳು ಮಣ್ಣು ಕಟ್ಕೊಂಡು ಮುಚ್ಚಿದ್ವು, ಚಾಚಾ ಒಂದು ತಂತಿ ತೂರಿಸಿ ತಿರುವಿದ್ರು ನೋಡಿ, ಕಪ್ಪು ನೀರು ಅವರ ಕಾಲ ಮೇಲೇ ಸುರೀತು, ಮಳೆ ಬಂದು ಎಷ್ಟೋ ದಿನ ಆಗಿತ್ತು ಅವತ್ತಿಗೆ. "ನೋಡ್ರಿ, ನಿಮ್ ಬೋರ್ವೆಲ್ಲು" ಅಂದ್ರು. ಅದರ ಜೊತೆ ಒಂದು ಹಳೇ ಒಂದ್ರೂಪಾಯಿ ನಾಣ್ಯ, ನನ್ನ ಮಗ ಸಣ್ಣವನಿದ್ದಾಗ ಗ್ಲಾಸ್ ಸಂದೀಲಿ ಹಾಕಿದ್ದೋ ಏನೋ.

ಉಳಿದ ಮೂರು ಡೋರಲ್ಲಿ ಒಂದ್ರಲ್ಲಿ ಹಾಳೆ ಚೆನ್ನಾಗಿತ್ತು, ಎರಡರಲ್ಲಿ ಇಲ್ಲ. ಹಾಳೆ ಚೆನ್ನಾಗಿದ್ದ ಡೋರಿನ ಬೋರ್ಡು ಹೊಸದರ ಥರಾನೇ ಇತ್ತು, ಬಟ್ಟೆ ಮಾತ್ರ ಬಿಟ್ಟಿತ್ತು. ಅದನ್ನ ನೋಡಿದ್ಮೇಲೆ ಬಿಸಿಲಿನ ಕೆಲಸ ಎಷ್ಟು, ನೀರಿನ ಕೆಲಸ ಎಷ್ಟು ಅಂತ ನನಗೆ ಪೂರ್ತಿ ಅರ್ಥ ಆಯ್ತು. ಗ್ಲಾಸಿನ ಹೊರಗಡೆ ಕೆಳಗೆ ಒಂದು ರಬ್ಬರ್ ಪಟ್ಟಿ ಬರುತ್ತಲ್ಲ, ಅದೂ ಒಣಗಿ ಕಲ್ಲಾಗಿತ್ತು, ನಾಲ್ಕಕ್ಕೂ ಹೊಸದು ಹಾಕ್ಸಿದೆ, ಅದು ಮಾರ್ಕೆಟ್ಟಲ್ಲಿ ಸಿಗುತ್ತೆ.

ಬೋರ್ಡಿನ ವಿಷ್ಯ. ಕೆಟ್ಟಿದೆ ಅಂತ ಹಳೇ ಬೋರ್ಡ್ ಎಸೀಬೇಡಿ, ಎಷ್ಟೇ ಪುಡಿಯಾಗಿರ್ಲಿ. ಅದರ ಮೇಲಿರೋ ತೂತುಗಳೇ ನಕ್ಷೆ. ಚಾಚಾ ಹಳೇದನ್ನ ತೆಳು ಪಿವಿಸಿ ಶೀಟ್ ಮೇಲೆ ಇಟ್ಟು ಪೆನ್ಸಿಲಲ್ಲಿ ಗುರುತು ಹಾಕಿ, ಕೆಳಗಿನ ಹಾಳಾದ ಭಾಗ ಅಷ್ಟೇ ಕಟ್ ಮಾಡಿ ಹೊಸದು ಕೂಡ್ಸಿದ್ರು, ಮೇಲಿನ ಅರ್ಧ ಕಂಪನೀದೇ ಉಳೀತು. ಕಿಚನ್ ಕಪಾಟಿಗೆ ಹಾಕ್ತಾರಲ್ಲ, ಅದೇ ಶೀಟು, ನೀರು ಕುಡಿಯಲ್ಲ. ಉಳಿದ ಹಾರ್ಡ್‌ಬೋರ್ಡ್ ಹಿಂದೆ ಎಲ್ಲಾ ವಾರ್ನಿಷ್ ಹೊಡೆದ್ರು.

ಮೆಟೀರಿಯಲ್ ಆರಿಸೋವಾಗ ಮನೇಲಿ ದೊಡ್ಡ ಚರ್ಚೆ. ಮಗಂಗೆ ಕಪ್ಪು ಬೇಕು, ಕೆಂಪು ದಾರದ ಹೊಲಿಗೆ ಬೇಕು. ಅಪ್ಪಂಗೆ ಮೊದ್ಲಿದ್ದ ಬಿಸ್ಕೆಟ್ ಕಲರ್ರೇ ಆಗಬೇಕು, "ನನ್ ಕಾರು ಡ್ಯಾನ್ಸ್ ಪಾರ್ಟಿ ಗಾಡಿ ಆಗೋದು ಬ್ಯಾಡ" ಅಂದ್ರು. ಕಪ್ಪು ಬಿಸಿಲಿಗೆ ಜಾಸ್ತಿ ಕಾಯುತ್ತೆ ಅಂತ ನಾನೂ ಅಪ್ಪನ ಕಡೆ ಸೇರ್ಕೊಂಡೆ. ಬಟ್ಟೆ ಬೇಡ ರೆಕ್ಸಿನ್ನೇ ಹಾಕಿ ಅಂತ ಚಾಚಾ ಹೇಳಿದ್ರು, ಒರೆಸೋಕೆ ಸುಲಭ. ಆದ್ರೆ ರೆಕ್ಸಿನಲ್ಲೂ ವ್ಯತ್ಯಾಸ ಇದೆ, ಹಿಂದುಗಡೆ ಬನಿಯನ್ ಥರ ಹೆಣಿಗೆ ಬಟ್ಟೆ ಇರೋದು ತಗೊಳ್ಳಿ, ಎರಡೂ ಕೈಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ, ಎರಡು ಕಡೆನೂ ಹಿಗ್ಗಿದ್ರೆ ಮಾತ್ರ ಕೈ ಇಡೋ ಜಾಗದ ತಿರುವಲ್ಲಿ ಸುಕ್ಕಿಲ್ಲದಂಗೆ ಕೂರುತ್ತೆ. ಹಿಗ್ಗದೆ ಇರೋದು ಸೋಫಾಗೆ ಸರಿ. ಅಂಗಡೀಲಿ ನಮ್ಮ ಕಲರ್ ಇರ್ಲಿಲ್ಲ, ಬೆಂಗಳೂರಿಂದ ತರ್ಸೋಕೆ ಮತ್ತೆ ಕಾಯಬೇಕಾಯ್ತು. ಬಂದ ರೋಲು ಸ್ವಲ್ಪ ಹಳದಿ ಜಾಸ್ತಿ ಇತ್ತು, ಅಪ್ಪಂಗೆ ಟ್ಯೂಬ್‌ಲೈಟ್ ಬೆಳಕಲ್ಲಿ ತೋರ್ಸಿ ಒಪ್ಸಿದೆ.

ಅಂಟಿಸೋ ಕೆಲಸ ನೋಡೋಕೆ ಚೆಂದ. ಮೊದ್ಲು ಹಳೇ ಫೋಮ್ ಪುಡಿ ಪೂರ್ತಿ ಹೋಗಬೇಕು, ನೈಲಾನ್ ಬ್ರಷ್ಷಲ್ಲಿ ಉಜ್ಜಿ ಉಜ್ಜಿ ತೆಗೆದ್ರು, ಇದೇ ಅತಿ ಹೊತ್ತು ತಗೊಳ್ಳೋ ಕೆಲಸ, ಮೂಗಿಗೆ ಬಟ್ಟೆ ಕಟ್ಕೊಳ್ಳಿ. ಆಮೇಲೆ 3 ಎಂಎಂ ಹೊಸ ಫೋಮು. ಸೊಲ್ಯೂಷನ್ ಅಂದ್ರೆ ಹಳದಿ ರಬ್ಬರ್ ಗಮ್ಮು, ಮರಕ್ಕೆ ಹಾಕೋ ಬಿಳಿ ಗಮ್ಮು ಕಾರ್ ಬಿಸೀಲಿ ಮೆತ್ತಗಾಗುತ್ತೆ, ಅದನ್ನ ಹಾಕೋಕೆ ಬಿಡಬೇಡಿ, ಬಿಸಿ ತಡೆಯೋ ಸೊಲ್ಯೂಷನ್ನೇ ಅಂತ ಡಬ್ಬಿ ಮೇಲೆ ಓದಿ ನೋಡಿ. ಬೋರ್ಡಿಗೂ ಹಚ್ಚಬೇಕು, ಫೋಮಿಗೂ ಹಚ್ಚಬೇಕು, ಹಚ್ಚಿ ತಕ್ಷಣ ಅಂಟಿಸೋ ಹಂಗಿಲ್ಲ. ಚಾಚಾ ಹಚ್ಚಿಟ್ಟು ಎದ್ದು ಹೋಗಿ ಟೀ ಕುಡ್ಕೊಂಡು ಬಂದ್ರು, ಬೆರಳ ಹಿಂಬದಿ ಮುಟ್ಟಿಸಿ ನೋಡಿದ್ರು, ಅಂಟು ಅನ್ಸಬೇಕು, ಬೆರಳಿಗೆ ಬರಬಾರ್ದು, ಆವಾಗ ಜೋಡ್ಸಿದ್ರು. ಒಂದ್ಸಲ ತಾಗಿದ್ರೆ ಮುಗೀತು, ಜರುಗಿಸೋಕೆ ಆಗಲ್ಲ, ಅದಕ್ಕೆ ಮಧ್ಯದಿಂದ ಶುರು ಮಾಡಿ ಅಂಗೈಯಲ್ಲಿ ಅಂಚಿಗೆ ಒತ್ತುತಾ ಬರೋದು. ಫೋಮಿಗೆ ಸೊಲ್ಯೂಷನ್ ದಪ್ಪ ಬೀಳಬಾರ್ದು, ತೆಳ್ಳಗೆ ಎರಡು ಕೋಟು. ಮೋಡ ಮುಸುಕಿ ತೇವ ಜಾಸ್ತಿ ಇದ್ದ ದಿನ ಅಂಟಿಸೋದೇ ಇಲ್ಲ ಅಂದ್ರು, ಮಧ್ಯೆ ಒಂದು ಕಡೆ ಮಳೆ ಹಿಡಿದು ಹಂಗೇ ನಿಲ್ತು ಕೆಲಸ, ನಾನು ನಾಲ್ಕೂ ಡೋರ್ ಬೆತ್ತಲೆ ಇಟ್ಕೊಂಡೇ ಆಫೀಸಿಗೆ ಓಡಾಡ್ದೆ, ಗೇಟಲ್ಲಿ ವಾಚ್‌ಮನ್ "ಏನ್ ಸಾರ್, ಆಕ್ಸಿಡೆಂಟಾ?" ಅಂತ.

ಕ್ಲಿಪ್ಪಿಂದು ಅನಿರೀಕ್ಷಿತ ತಲೆನೋವು. ನೋಡೋಕೆ ಎಲ್ಲಾ ಒಂದೇ ಥರ, ಆದ್ರೆ ತಲೆ ಅಗಲ, ಕಾಲಿನ ದಪ್ಪ ಒಂದೊಂದ್ಕೊಂದು. ಅಂದಾಜಲ್ಲಿ ಒಂದು ಪಾಕೆಟ್ ತಂದ ಚಾಚಾನ ಹುಡುಗ, ತೂತಲ್ಲಿ ಲೊಡಲೊಡ. ಮುರಿಯದೆ ಇರೋ ಒಂದು ಹಳೇ ಕ್ಲಿಪ್ ಜೇಬಲ್ಲಿಟ್ಕೊಂಡು ಹೋಗಿ ಹೋಲಿಸಿ ತಗೊಳ್ಳಿ, ಬೇಕಾಗಿದ್ದಕ್ಕಿಂತ ಹತ್ತು ಜಾಸ್ತಿ ತಗೊಳ್ಳಿ.

ವಾಪಸ್ ಕೂರ್ಸೋ ಮುಂಚೆ ಹೊಸ ಪ್ಲಾಸ್ಟಿಕ್ ಹಾಳೆ, ಟಾರ್ಪಾಲ್ ಅಂಗಡೀದು, ದಪ್ಪ ಇರೋದು. ಅಂಟಿಸೋಕೆ ಬ್ಯೂಟೈಲ್ ಟೇಪು, ಒಣಗಿ ಗಟ್ಟಿ ಆಗಲ್ಲ ಅದು, ನಾಳೆ ರಿಪೇರಿಗೆ ಬಿಚ್ಚಿದ್ರೂ ಮತ್ತೆ ಒತ್ತಬಹುದು. ಹಾಳೆಯ ಕೆಳಗಿನ ಅಂಚು ತಗಡಿನ ಸೀಳಿನೊಳಗೆ ತೂರಿಸಬೇಕು, ಹೊರಗೆ ಬಿಟ್ರೆ ಹಾಳೆ ಮೇಲೆ ಇಳಿದ ನೀರು ಮತ್ತೆ ಪ್ಯಾಡಿಗೇ ಬರುತ್ತೆ. ಇದನ್ನ ಪಕ್ಕದಲ್ಲಿ ನಿಂತು ನೋಡ್ಕೊಳ್ಳಿ, ಪ್ಯಾಡ್ ಹಾಕಿದ್ಮೇಲೆ ಯಾರಿಗೂ ಕಾಣಲ್ಲ. ಮತ್ತೆ ಕ್ಲಿಪ್ ಒತ್ತೋ ಮುಂಚೆ ಗ್ಲಾಸ್ ಇಳಿಸಿ ಏರ್ಸಿ, ಲಾಕ್ ಹಾಕಿ ತೆಗೆದು, ಸ್ಪೀಕರ್ ಬರುತ್ತಾ ಅಂತ ನೋಡಿ. ನಮ್ದು ಮುಂದಿನ ಬಲಗಡೆ ಪವರ್ ವಿಂಡೋ ಸ್ವಿಚ್ಚಿನ ಸಾಕೆಟ್ ಹಾಕೋದೇ ಮರೆತಿದ್ರು, ಮತ್ತೆ ಬಿಚ್ಚಿ ಹಾಕಿದ್ದು.

ಖರ್ಚು: ರೆಕ್ಸಿನ್ 3 ಮೀಟರ್, ಮೀಟರಿಗೆ 420ರಂಗೆ 1260. ಫೋಮ್ 350, ಸೊಲ್ಯೂಷನ್ 450, ಪಿವಿಸಿ ಶೀಟ್ 600, ಕ್ಲಿಪ್ 320, ಬ್ಯೂಟೈಲ್ ಟೇಪ್ 380, ಪ್ಲಾಸ್ಟಿಕ್ ಹಾಳೆ 150. ಹೊರಗಿನ ರಬ್ಬರ್ ನಾಲ್ಕಕ್ಕೆ 1000. ಕೂಲಿ ಡೋರಿಗೆ 900, ಅಲ್ಲಿಗೆ 3600. ಒಟ್ಟು 8110 ಆಯ್ತು, ಹುಡುಗಂಗೆ ಟೀ ಕಾಸು ಬೇರೆ. ಚಾಚಾ ಕೂಲೀಲಿ ನಾನು ಚೌಕಾಸಿ ಮಾಡ್ಲಿಲ್ಲ, ಆ ಫೋಮ್ ಪುಡಿ ಉಜ್ಜೋದು ನೋಡಿದ್ರೆ ನೀವೂ ಮಾಡಲ್ಲ. ಬಿಲ್ ಬೇಕಂದ್ರೆ ಮೆಟೀರಿಯಲ್ ಅಂಗಡೀಲಿ ನೀವೇ ತಗೊಳ್ಳಿ, ಕೂಲಿಗೆ ಬಿಲ್ ಸಿಗಲ್ಲ.

ಸೊಲ್ಯೂಷನ್ ವಾಸನೆ ಮಾತ್ರ ತಲೆ ಹಿಡಿಯುತ್ತೆ, ಕೆಲ ದಿನ ಗ್ಲಾಸ್ ಇಳಿಸೇ ಓಡಿಸ್ಬೇಕು, ಸಣ್ಣ ಮಕ್ಕಳನ್ನ ಕೂರಿಸ್ಕೊಂಡು ದೂರ ಹೋಗಬೇಡಿ. ಅದಾದ್ಮೇಲೆ ಒಂದು ರಾತ್ರಿ ಜೋರು ಮಳೆ ಬಂತು, ಬೆಳಗ್ಗೆ ಎದ್ದವನೇ ಡೋರ್ ಕೆಳಗೆ ಕೈ ಇಟ್ಟು ನೋಡ್ದೆ, ತೂತಿಂದ ನೀರು ತೊಟ್ಟಿಕ್ತಾ ಇತ್ತು, ಒಳಗೆ ಮ್ಯಾಟು ಒಣಗಿತ್ತು. ಹಿಂದಿನ ಬಲ ಡೋರಿನ ಕೈ ಇಡೋ ಜಾಗದಲ್ಲಿ ಒಂದು ಸಣ್ಣ ಸುಕ್ಕು ಉಳ್ಕೊಂಡಿದೆ, ಅಪ್ಪ ದಿನಾ ಅದನ್ನೇ ಸವರ್ತಾರೆ, ಚಾಚಾಗೆ ಹೇಳಿದ್ರೆ "ಬಿಸಿಲಿಗೆ ಕೂರುತ್ತೆ ಬಿಡಿ" ಅಂತಾರೆ, ಇನ್ನೂ ಕೂತಿಲ್ಲ.

ಬಾಕಿ ದುಡ್ಡು ಕೊಟ್ಟು ಹೊರಡೋವಾಗ ಚಾಚಾ ಕಾರೊಳಗೆ ತಲೆ ಹಾಕಿ ಮೇಲೆ ನೋಡಿದ್ರು. ಹಿಂದಿನ ಗ್ಲಾಸ್ ಹತ್ರ ಟಾಪಿನ, ಅಂದ್ರೆ ತಲೆ ಮೇಲಿನ ಚಾವಣಿಯ, ಬಟ್ಟೆ ಬಿಟ್ಕೊಳ್ತಾ ಇದೆ, ನಾನು ನೋಡೇ ಇರ್ಲಿಲ್ಲ. ಆ ಟಾಪ್ ಹೊರಗೆ ತೆಗೆಯೋಕೆ ಗ್ಲಾಸ್ ಬಿಚ್ಚಬೇಕಾ, ಬಾಗಿಲಿಂದಲೇ ಬರುತ್ತಾ ಅಂತ ಕೇಳ್ದೆ. "ಬರುತ್ತೆ ಸಾರ್, ಸೀಟ್ ಬಿಚ್ಚಬೇಕು. 4000 ಇಟ್ಕೊಳ್ಳಿ, ದೀಪಾವಳಿ ಆದ್ಮೇಲೆ ಬರ್ರಿ, ಈಗ ಟೈಮಿಲ್ಲ" ಅಂದ್ರು.